ಎರಡು ಸಲ ಬಿಡಿಸಿದ ಗಂಟು

ಗೂಢಲಿಪಿಯ ಮಾತು ಬಂದಾಗಲೆಲ್ಲ ಬೀಗ ಮತ್ತು ಕೀಲಿಕೈಯ ಹೋಲಿಕೆ ಬರುತ್ತದೆ. ಅದು ಅರ್ಧ ಮಾತ್ರ ನಿಜ. ಮನೆಯ ಬೀಗಕ್ಕೆ ಬೇರೆ ಕೀಲಿಕೈ ಹಾಕಿದರೆ ಅದು ತಿರುಗುವುದಿಲ್ಲ, ತಪ್ಪಾಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಲಿನಕ್ಸ್ ಕರ್ನೆಲ್ ಡಿಸ್ಕಿನಿಂದ ಓದಿದ ಬ್ಲಾಕನ್ನು ಡಿಕ್ರಿಪ್ಟ್ ಮಾಡುವಾಗ ಹಾಗಾಗುವುದಿಲ್ಲ. ತಪ್ಪು ಕೀಲಿಕೈಗೂ ಬಾಗಿಲು ಸಲೀಸಾಗಿ ತೆರೆಯುತ್ತದೆ. ಒಳಗೆ ಕಾಲಿಟ್ಟರೆ ಮನೆ ಮಾತ್ರ ನಿಮ್ಮದಲ್ಲ. ಫೈಲಿನ ಒಳಹೂರಣಕ್ಕೆ ಸಾಮಾನ್ಯವಾಗಿ ಬಳಸುವ ಎಇಎಸ್-256-ಎಕ್ಸ್‌ಟಿಎಸ್ ವಿಧಾನದಲ್ಲಿ, ಬಂದ ಉತ್ತರ ಸರಿಯೋ ತಪ್ಪೋ ಎಂದು ತಾಳೆ ನೋಡುವ ಏರ್ಪಾಡೇ ಇಲ್ಲ. 4096 ಬೈಟು ಕೊಟ್ಟರೆ 4096 ಬೈಟು ವಾಪಸು ಬರುತ್ತದೆ. ಅದು ನಿಮ್ಮ ಪತ್ರವೂ ಆಗಿರಬಹುದು, ಬರೀ ಕಸವೂ ಆಗಿರಬಹುದು. ಫಂಕ್ಷನ್ ಎರಡಕ್ಕೂ ಒಂದೇ ಸೊನ್ನೆಯನ್ನು ಹಿಂತಿರುಗಿಸಿ ‘ಆಯಿತು’ ಎನ್ನುತ್ತದೆ.

ಈ ಕೋಡಿಗೆ ಬರುವ ಬದಲಾವಣೆಗಳನ್ನು ಪರಿಶೀಲಿಸುವವರ ಕೆಲಸ ಯಾಕೆ ವಿಚಿತ್ರ ಎಂಬುದು ಇಷ್ಟರಲ್ಲೇ ಇದೆ. ಬೇರೆ ಕಡೆ ತಪ್ಪು ತಾನಾಗಿ ಕೂಗಿಕೊಳ್ಳುತ್ತದೆ. ಇಲ್ಲಿ ಓದುವವರೇ ಅದನ್ನು ಕೇಳಿಸಿಕೊಳ್ಳಬೇಕು.

ಹಿನ್ನೆಲೆ ಚಿಕ್ಕದು. 2015ರ ಜೂನಿನಲ್ಲಿ ಬಂದ ಕರ್ನೆಲಿನ 4.1ನೇ ಆವೃತ್ತಿಯಲ್ಲಿ ಎಕ್ಸ್ಟ್4 ಫೈಲ್‌ಸಿಸ್ಟಂ ತಾನೇ ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡಲು ಕಲಿಯಿತು. ಮೈಕಲ್ ಹಾಲ್ಕ್ರೊ, ಥಿಯೋಡೋರ್ ತ್ಸೋ ಮೊದಲಾದವರ ಕೆಲಸ ಅದು. ಮುಂದಿನ ಆವೃತ್ತಿಯಲ್ಲಿ ಇನ್ನೊಂದು ಫೈಲ್‌ಸಿಸ್ಟಂ ಆದ ಎಫ್2ಎಫ್‌ಎಸ್ ಅದೇ ದಾರಿ ಹಿಡಿಯಿತು. ಎರಡು ಕಡೆ ಹೆಚ್ಚುಕಡಿಮೆ ಒಂದೇ ಕೋಡು ಬಿದ್ದಿರುವುದು ಸರಿಯಲ್ಲವೆಂದು 2016ರ 4.6ರಲ್ಲಿ ಅದನ್ನು ಒಂದೇ ಜಾಗಕ್ಕೆ ತರತೊಡಗಿದರು. ಅದೇ ಇವತ್ತಿನ ಎಫ್‌ಎಸ್‌ಕ್ರಿಪ್ಟ್. ಆಂಡ್ರಾಯ್ಡ್ 7 ಇದನ್ನು ಬಳಸತೊಡಗಿತು. ಆಂಡ್ರಾಯ್ಡ್ 10ರೊಂದಿಗೆ ಹೊಸದಾಗಿ ಮಾರುಕಟ್ಟೆಗೆ ಬರುವ ಫೋನುಗಳಿಗೆ ಫೈಲು ಮಟ್ಟದ ಎನ್‌ಕ್ರಿಪ್ಷನ್ ಕಡ್ಡಾಯವಾಯಿತು. ಕಿಸೆಯಲ್ಲಿರುವ ಫೋನಿನಲ್ಲಿ ಮಗುವಿನ ಫೋಟೊ ತೆರೆದಾಗಲೆಲ್ಲ ಬ್ಲಾಕುಗಳು ಹೀಗೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ.

ನಾನು ಇಲ್ಲಿ ಎತ್ತಿಕೊಂಡಿರುವುದು ಈ ಕೋಡಿನ ಒಂದು ನಿರ್ದಿಷ್ಟ ರಿಪೇರಿಯನ್ನು. 2019ರ 5.3ನೇ ಆವೃತ್ತಿಯಲ್ಲಿ ಶುರುವಾಗಿ 2020ರ ಜನವರಿಯ 5.5ರಲ್ಲಿ ಮುಗಿದ ಪ್ಯಾಚುಗಳ ಸಾಲು ಅದು. ಒಂದು ಪೇಜಿನೊಳಗೆ ಒಂದಕ್ಕಿಂತ ಹೆಚ್ಚು ಬ್ಲಾಕುಗಳಿದ್ದರೂ ಎನ್‌ಕ್ರಿಪ್ಷನ್ ನಡೆಯುವಂತೆ ಮಾಡುವುದು ಅದರ ಉದ್ದೇಶ.

ಪೇಜು ಎಂದರೆ ಮೆಮೊರಿಯನ್ನು ಅಳೆಯುವ ಕೊಳಗ, ಬ್ಲಾಕು ಎಂದರೆ ಡಿಸ್ಕನ್ನು ಅಳೆಯುವ ಕೊಳಗ. ನಮ್ಮ ನಿಮ್ಮ ಲ್ಯಾಪ್‌ಟಾಪಿನಲ್ಲಿ ಸಾಧಾರಣವಾಗಿ ಎರಡೂ 4096 ಬೈಟು. ಹಾಗಾಗಿ ಮೊದಲು ಬರೆದವರು ಎರಡೂ ಒಂದೇ ಎಂದು ನಂಬಿ ಬರೆದರು. ಐಬಿಎಂನ ಪವರ್ ಯಂತ್ರಗಳಲ್ಲಿ ಪೇಜು 64 ಕಿಲೋಬೈಟು. ಒಂದು ಪೇಜಿನಲ್ಲಿ 4 ಕಿಲೋಬೈಟಿನ ಹದಿನಾರು ಬ್ಲಾಕು ಹಿಡಿಸುತ್ತವೆ. ಅಂಥ ಕಡೆ ಎಕ್ಸ್ಟ್4, ಎನ್‌ಕ್ರಿಪ್ಷನ್‌ಗೆ ಈ ಬ್ಲಾಕ್ ಗಾತ್ರ ಆಗದು ಎಂದು ಹೇಳಿ ಮೌಂಟ್ ಮಾಡಲೇ ಒಪ್ಪುತ್ತಿರಲಿಲ್ಲ. ಪುಟ್ಟ ಯಂತ್ರದಲ್ಲಿ ಹೀಗೆ ಎನ್‌ಕ್ರಿಪ್ಟ್ ಮಾಡಿದ ಡಿಸ್ಕನ್ನು ದೊಡ್ಡ ಯಂತ್ರಕ್ಕೆ ಒಯ್ದರೆ ಅದು ತೆರೆಯುತ್ತಿರಲಿಲ್ಲ. ಈ ನಿರಾಕರಣೆಯನ್ನು ನಾನು ಹಳಿಯುವುದಿಲ್ಲ. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದು ಬಾಗಿಲಲ್ಲೇ ಹೇಳಿಬಿಡುವ ಕೋಡು ಅಪರೂಪ.

ಆ ನಿರಾಕರಣೆಯನ್ನು ತೆಗೆಯುವುದು ಒಂದು ಸಾಲು ಅಳಿಸಿದಷ್ಟು ಸುಲಭ. ಅಳಿಸಿದರೆ ಏನಾಗುತ್ತದೆಂದು ನೋಡಿ.

ಒಂದು ಪ್ರೋಗ್ರಾಂ ಫೈಲಿನ ನಡುವೆ ಎಲ್ಲೋ ಕೆಲವು ಬೈಟುಗಳನ್ನು ಬರೆಯಲು ಬಂದಿದೆ ಎನ್ನಿ. ಬ್ಲಾಕಿನ ಒಂದು ಭಾಗವನ್ನಷ್ಟೇ ಬದಲಿಸಬೇಕಾದರೆ ಉಳಿದ ಭಾಗ ಮೆಮೊರಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಡಿಸ್ಕಿನಿಂದ ತರಿಸಬೇಕು, ತರಿಸಿದ್ದನ್ನು ಡಿಕ್ರಿಪ್ಟ್ ಮಾಡಬೇಕು. ಹಳೆಯ ಕೋಡು ಬ್ಲಾಕು ಬಂದ ಮೇಲೆ ಇಡೀ ಪೇಜನ್ನು ಡಿಕ್ರಿಪ್ಟ್ ಮಾಡುತ್ತಿತ್ತು. ಪೇಜಿನಲ್ಲಿ ಒಂದೇ ಬ್ಲಾಕಿದ್ದಾಗ ಅದರಲ್ಲಿ ತಪ್ಪೇನೂ ಇಲ್ಲ. ನಾಲ್ಕು ಬ್ಲಾಕುಗಳಿದ್ದು, ಮೂರು ಮೊದಲೇ ಬಂದು ಡಿಕ್ರಿಪ್ಟ್ ಆಗಿ ಕೂತಿದ್ದರೆ? ಹೊಸದಾಗಿ ಬಂದ ಒಂದರ ಜೊತೆ ಆ ಮೂರಕ್ಕೂ ಇನ್ನೊಂದು ಸಲ ಅದೇ ಸಂಸ್ಕಾರ. ಬಿಚ್ಚಿದ ಗಂಟನ್ನು ಮತ್ತೆ ಬಿಚ್ಚಲು ಹೋದರೆ ಅದು ಬಿಚ್ಚಿದ ಗಂಟಾಗಿ ಉಳಿಯುವುದಿಲ್ಲ, ಹೊಸ ಸಿಕ್ಕಾಗುತ್ತದೆ. ಬರೆಯುವ ದಾರಿಯಲ್ಲೇ ಇದು ನಡೆಯುವುದರಿಂದ ಆ ಸಿಕ್ಕನ್ನೇ ಕರ್ನೆಲ್ ಶ್ರದ್ಧೆಯಿಂದ ಎನ್‌ಕ್ರಿಪ್ಟ್ ಮಾಡಿ ಡಿಸ್ಕಿಗೆ ಬರೆಯಬಹುದು. ಆಮೇಲೆ ಯಾವ ಕೀಲಿಕೈಯೂ ಅದನ್ನು ವಾಪಸು ತರುವುದಿಲ್ಲ.

5.3ರ ಪ್ಯಾಚುಗಳು ಈ ರೋಗಕ್ಕೆ ಕೊಟ್ಟ ಮದ್ದು ನನಗೆ ಮೆಚ್ಚುಗೆಯಾಗಿದೆ. ಬೇಕಾದ ಬ್ಲಾಕುಗಳನ್ನಷ್ಟೇ ಡಿಕ್ರಿಪ್ಟ್ ಮಾಡು ಎಂಬುದು ಅವುಗಳ ಮಂತ್ರ. ಹಳೆಯ ‘ಡಿಕ್ರಿಪ್ಟ್ ಪೇಜ್’ ಫಂಕ್ಷನ್ ತೆಗೆದುಹಾಕಿ ‘ಡಿಕ್ರಿಪ್ಟ್ ಪೇಜ್‌ಕ್ಯಾಶ್ ಬ್ಲಾಕ್ಸ್’ ಎಂಬ ಹೊಸದನ್ನು ತಂದರು. ಹೆಸರು ಬದಲಿಸಿದ್ದು ಶೋಕಿಗಲ್ಲ. ಹಳೆಯ ಫಂಕ್ಷನ್‌ಗೆ ಬ್ಲಾಕಿನ ಸಂಖ್ಯೆಯನ್ನು ಕರೆಯುವವರೇ ಕೊಡಬೇಕಿತ್ತು, ಮತ್ತು ಹೆಚ್ಚಿನವರು ಪೇಜಿನ ಸಂಖ್ಯೆಯನ್ನೇ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಹೊಸದು ಆ ಲೆಕ್ಕವನ್ನು ತಾನೇ ಮಾಡುತ್ತದೆ. ಪೇಜಿಗೆ ಲಾಕ್ ಹಾಕಿಲ್ಲವೆಂದರೆ, ಕೊಟ್ಟ ಉದ್ದ ಬ್ಲಾಕಿನ ಅಳತೆಗೆ ಕೂರದಿದ್ದರೆ, ಎಚ್ಚರಿಕೆ ಕೊಟ್ಟು ಹಿಂತಿರುಗುತ್ತದೆ. ಒಳ್ಳೆಯ ಪರಿಶೀಲನೆ ತಪ್ಪು ಹುಡುಕುವುದಕ್ಕಷ್ಟೇ ನಿಲ್ಲದೆ ಮುಂದಿನವರು ಆ ತಪ್ಪು ಮಾಡಲು ಆಗದಂತೆ ಕೋಡಿನ ಆಕಾರವನ್ನೇ ತಿದ್ದಿಸುತ್ತದೆ. ಇಲ್ಲಿ ಅದು ಆಗಿದೆ.

ಆ ಲೆಕ್ಕದ ಸಾಲಿನಲ್ಲೇ ಒಂದು ಸೂಕ್ಷ್ಮವಿದೆ. ಪೇಜಿನ ಸಂಖ್ಯೆಯನ್ನು ಎಡಕ್ಕೆ ಸರಿಸಿ ಬ್ಲಾಕಿನ ಸಂಖ್ಯೆ ಪಡೆಯುವ ಮೊದಲು ಅದನ್ನು 64 ಬಿಟ್ಟಿಗೆ ಹಿಗ್ಗಿಸಿದ್ದಾರೆ. 32 ಬಿಟ್ ಯಂತ್ರದಲ್ಲಿ ಪೇಜಿನ ಸಂಖ್ಯೆ 32 ಬಿಟ್ಟೇ; ಹಿಗ್ಗಿಸದೆ ಸರಿಸಿದರೆ ತುದಿಯ ಬಿಟ್ಟುಗಳು ಉದುರಿಹೋಗುತ್ತವೆ. 4 ಕಿಲೋಬೈಟಿನ ಪೇಜು, 1 ಕಿಲೋಬೈಟಿನ ಬ್ಲಾಕು ಇದ್ದಲ್ಲಿ ಫೈಲಿನ 4 ಟೆರಾಬೈಟಿನಾಚೆ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ಅಂಥ ಯಂತ್ರದಲ್ಲಿ ಅಷ್ಟು ದೊಡ್ಡ ಫೈಲು ಇಡುವವರು ಯಾರು ಎಂದು ನಗಬಹುದು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಎನ್‌ಕ್ರಿಪ್ಟ್ ಮಾಡುವ ಕಡೆಯೂ ಅದೇ ತಪ್ಪಿದ್ದಿದ್ದರೆ ಏನೂ ಕೆಟ್ಟಂತೆ ಕಾಣುತ್ತಲೇ ಇರಲಿಲ್ಲ! ಬರೆದದ್ದು ಬರೆದಂತೆ ಓದಲು ಸಿಗುತ್ತಿತ್ತು. ಗೂಢಲಿಪಿಯ ಲೆಕ್ಕಕ್ಕೆ ಸೇರುವ ಒಂದೇ ಸಂಖ್ಯೆ ಎರಡು ಬ್ಲಾಕುಗಳಿಗೆ ಬಿದ್ದು, ಒಂದೇ ತೆರನ ವಿಷಯ ಒಂದೇ ತೆರನ ಗೂಢಲಿಪಿಯಾಗಿ, ಡಿಸ್ಕು ಕದ್ದವನಿಗಷ್ಟೇ ಅದರ ಉಪಯೋಗ.

ಹೀಗೆ ಹೋಗುವಾಗಲೂ ಬರುವಾಗಲೂ ಒಂದೇ ತಪ್ಪು ಮಾಡಿ ಸರಿಯಾಗಿರುವ ಕೋಡು ಕಲ್ಪನೆಯಲ್ಲ. ಎಫ್‌ಎಸ್‌ಕ್ರಿಪ್ಟಿನಲ್ಲಿ ಸಿಪ್‌ಹ್ಯಾಶ್ ಎಂಬ ಹ್ಯಾಶಿಗೆ ಬೇಕಾದ ಕೀಲಿಕೈಯನ್ನು ಬೈಟುಗಳ ಸಾಲಾಗಿ ನೋಡುವ ಬದಲು ಎರಡು ಸಂಖ್ಯೆಗಳಾಗಿ ನೋಡಿದ್ದರಿಂದ, ಬೈಟುಗಳನ್ನು ತಿರುವುಮುರುವಾಗಿ ಇಡುವ ಪ್ರೊಸೆಸರುಗಳಲ್ಲಿ ಬೇರೆಯದೇ ಕೀಲಿಕೈ ಹುಟ್ಟುತ್ತಿತ್ತು. ಆ ಯಂತ್ರದ ಮಟ್ಟಿಗೆ ಎಲ್ಲವೂ ಸುಸೂತ್ರ. ಡಿಸ್ಕನ್ನು ಇನ್ನೊಂದು ಬಗೆಯ ಯಂತ್ರಕ್ಕೆ ಹಾಕಿದಾಗ ಮಾತ್ರ ತಾಳೆಯಾಗುತ್ತಿರಲಿಲ್ಲ. 2021ರಲ್ಲಿ 5.14ಕ್ಕೆ ಅದನ್ನು ಸರಿಪಡಿಸಿದರು. ಈ ಕೋಡನ್ನು ಎಷ್ಟೋ ಜನ ನೋಡಿದ್ದರು. ಒಂದೇ ಯಂತ್ರದ ಮುಂದೆ ಕೂತು ಪರಿಶೀಲಿಸುವ ಅಭ್ಯಾಸಕ್ಕೆ ಇದು ಕಾಣುವ ತಪ್ಪಲ್ಲ.

ಇದಕ್ಕೆ ಕರ್ನೆಲಿನವರು ಕಂಡುಕೊಂಡ ಉಪಾಯವನ್ನು ಮನಸಾರೆ ಹೊಗಳಬೇಕು. ಎಕ್ಸ್‌ಎಫ್‌ಎಸ್‌ಟೆಸ್ಟ್ಸ್ ಎಂಬ ಪರೀಕ್ಷೆಗಳ ಭಂಡಾರಕ್ಕೆ ಎಫ್‌ಎಸ್‌ಕ್ರಿಪ್ಟಿನ ಉಸ್ತುವಾರಿ ನೋಡುವ ಎರಿಕ್ ಬಿಗರ್ಸ್ 2019ರಲ್ಲಿ ಒಂದು ಸಣ್ಣ ಪ್ರೋಗ್ರಾಂ ಸೇರಿಸಿದರು. ಅದು ಕರ್ನೆಲಿನ ಸಹಾಯ ಕೇಳದೆ ಎಇಎಸ್ ಮೊದಲಾದ ಲೆಕ್ಕಗಳನ್ನೆಲ್ಲ ತಾನೇ ಮೊದಲಿನಿಂದ ಮಾಡುತ್ತದೆ. ಕರ್ನೆಲ್ ಫೈಲು ಬರೆದ ಮೇಲೆ ಡಿಸ್ಕಿನ ಮೇಲಿರುವ ಹಸಿ ಬೈಟುಗಳನ್ನು ಎತ್ತಿ ತನ್ನ ಲೆಕ್ಕದ ಜೊತೆ ಹೋಲಿಸುತ್ತದೆ. ಬರೆದದ್ದನ್ನು ಓದಲು ಬಂತೇ ಎಂದು ನೋಡುವುದು ಕಳ್ಳನನ್ನೇ ಸಾಕ್ಷಿ ಕೇಳಿದ ಹಾಗೆ. ಇಲ್ಲಿ ಸಾಕ್ಷಿ ಬೇರೆ ಊರಿನವನು. 548, 549, 550 ಎಂಬ ಸಂಖ್ಯೆಯ ಪರೀಕ್ಷೆಗಳು ಇದೇ ಕೆಲಸ ಮಾಡುತ್ತವೆ. ಎಷ್ಟೋ ಜನ ಹಿರಿಯರ ‘ನೋಡಿದ್ದೇನೆ’ ಎಂಬ ರುಜುವಿಗಿಂತ ಈ ಒಂದು ಪ್ರೋಗ್ರಾಮಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ರುಜುವಿನ ಮಾತು ಬಂದದ್ದರಿಂದ ಇನ್ನೊಂದು ಹೇಳಬೇಕು. 2018ರಲ್ಲಿ ಎಇಎಸ್‌ಗೆ ಯಂತ್ರಾಂಶದ ಬೆಂಬಲವಿಲ್ಲದ ಅಗ್ಗದ ಫೋನುಗಳಿಗೆಂದು ಸ್ಪೆಕ್ ಎಂಬ ಸೈಫರ್, ಅಂದರೆ ಗೂಢಲಿಪಿಯ ವಿಧಾನ, ಕರ್ನೆಲಿಗೆ ಬಂತು. ಅದನ್ನು ರೂಪಿಸಿದ್ದು ಅಮೆರಿಕದ ಬೇಹುಸಂಸ್ಥೆ ಎನ್‌ಎಸ್‌ಎ ಎಂಬ ಕಾರಣಕ್ಕೆ ದೊಡ್ಡ ರಂಪವಾಯಿತು; 4.20ರ ಹೊತ್ತಿಗೆ ಅದು ಹೊರಗೆ ಹೋಯಿತು. 5.0ರಲ್ಲಿ ಅದರ ಜಾಗಕ್ಕೆ ಅಡಿಯಾಂಟಮ್ ಬಂತು, ಫಲಿತಾಂಶ ಒಳ್ಳೆಯದೇ. ಆದರೆ ಗಮನ ಯಾವ ಕಡೆ ಹರಿಯುತ್ತದೆ ನೋಡಿ. ಸೈಫರಿನ ಹೆಸರು ಬಂದರೆ ಊರೆಲ್ಲ ಜಗಲಿಗೆ ಬರುತ್ತದೆ. ಯಾವ ಬ್ಲಾಕು, ಯಾವಾಗ, ಎಷ್ಟು ಸಲ ಎಂಬ ಲೆಕ್ಕದ ಪುಸ್ತಕವನ್ನು ಕೂತು ಓದುವವರು ಬೆರಳೆಣಿಕೆಯ ಮಂದಿ. ಈ ಬರಹದಲ್ಲಿ ನಾನು ಹೇಳಿದ ತಪ್ಪುಗಳಲ್ಲಿ ಒಂದೂ ಸೈಫರಿನದಲ್ಲ.

5.5ಕ್ಕೆ ಬಂದರೆ, ಉಳಿದಿದ್ದ ಅಡ್ಡದಾರಿಯನ್ನೂ ಮುಚ್ಚಿದರು. ಪೇಜಿನ ಬ್ಲಾಕುಗಳನ್ನು ಬಿಡಿಬಿಡಿಯಾಗಿ ಓದುವ ಹಳೆಯ ಬಫರ್ ಕೋಡಿಗೆ ಡಿಕ್ರಿಪ್ಟ್ ಮಾಡುವುದನ್ನು ಕಲಿಸಿದರು. ಡಿಸ್ಕು ‘ಓದಿಯಾಯಿತು’ ಎಂದು ತಿಳಿಸುವ ಗಳಿಗೆಯಲ್ಲಿ ಕೂತು ಡಿಕ್ರಿಪ್ಟ್ ಮಾಡುವಂತಿಲ್ಲ. ಕೆಲಸವನ್ನು ಒಂದು ಸರದಿಗೆ ಹಾಕಿ ಹೊರಡಬೇಕು. ಸರದಿಗೆ ಹಾಕಲು ಚೂರು ಮೆಮೊರಿ ಬೇಕು, ಅದು ಸಿಗದಿದ್ದರೆ ಓದೇ ವಿಫಲವಾಯಿತೆಂದು ಹೇಳುತ್ತಾರೆ. ಗೂಢಲಿಪಿಯನ್ನು ಹಾಗೇ ದಾಟಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು. ಆದರೆ ಒಂದೊಂದು ಬ್ಲಾಕಿಗೂ ಬೇರೆ ಬೇರೆ ಮೆಮೊರಿ ಚೂರು, ಬೇರೆ ಬೇರೆ ಸರದಿ ಚೀಟಿ. 64 ಕಿಲೋಬೈಟಿನ ಪೇಜಿಗೆ ಹದಿನಾರು. ಜಾಣತನ ಕಡಿಮೆ, ಓದಲು ಸುಲಭ. ಅಪರೂಪದ ದಾರಿಗೆ ಈ ಚೌಕಾಸಿ ಸರಿಯೆಂದೇ ನನ್ನ ಅನಿಸಿಕೆ. ಎಕ್ಸ್ಟ್4ರ ಮುಖ್ಯ ಓದುದಾರಿಯಲ್ಲಿ ಡಿಕ್ರಿಪ್ಟ್ ಮಾಡುವುದಕ್ಕೂ ಫೈಲಿನ ಸಾಚಾತನ ತಾಳೆ ನೋಡುವ ವೆರಿಟಿಗೂ ಎರಡು ಬೇರೆ ಸರದಿಗಳಿವೆ. ವೆರಿಟಿಯ ಕೆಲಸ ನಡೆಯುವಾಗ ಮತ್ತೆ ಡಿಕ್ರಿಪ್ಟ್ ಬೇಕಾದೀತು, ಒಂದೇ ಸರದಿಯಾದರೆ ತನ್ನ ಹಿಂದೆ ತಾನೇ ಕಾಯುತ್ತ ನಿಲ್ಲಬೇಕಾದೀತು ಎಂಬ ಕಾರಣವನ್ನು ಅಲ್ಲೇ ಟಿಪ್ಪಣಿಯಲ್ಲಿ ಬರೆದಿದ್ದಾರೆ. ಇಂಥ ಎರಡು ಸಾಲಿನ ಟಿಪ್ಪಣಿ ಮುಂದೆ ಓದಲು ಬರುವವರ ಒಂದು ದಿನ ಉಳಿಸುತ್ತದೆ.

ಈಗ ತಕರಾರು. ಬರೆಯುವ ದಾರಿಗೇ ವಾಪಸು ಹೋಗೋಣ. ಅಲ್ಲಿ ಕಾಯಬೇಕಾದ ಬ್ಲಾಕುಗಳನ್ನು ಗುರುತಿಟ್ಟುಕೊಳ್ಳಲು ಎರಡೇ ಮನೆಗಳ ಒಂದು ಪಟ್ಟಿ ಇದೆ. ಎರಡೇ ಏಕೆ? ಬರಹದ ಹಾಸು ಎಷ್ಟೇ ಉದ್ದವಿದ್ದರೂ ಅರೆಬರೆ ಮುಚ್ಚುವುದು ಮೊದಲ ಮತ್ತು ಕೊನೆಯ ಬ್ಲಾಕುಗಳನ್ನು ಮಾತ್ರ. ನಡುವಿನವು ಪೂರ್ತಿ ಮುಚ್ಚಿಹೋಗುವುದರಿಂದ ಹಳೆಯದನ್ನು ಓದುವ ಅಗತ್ಯವೇ ಇಲ್ಲ. ಸರಿ. ಬ್ಲಾಕು ಡಿಸ್ಕಿನಿಂದ ಬಂದೊಡನೆ ಅದಕ್ಕೆ ‘ಸಿದ್ಧ’ ಎಂಬ ಗುರುತು ಬೀಳುತ್ತದೆ, ಡಿಕ್ರಿಪ್ಟ್ ಆಗುವ ಮೊದಲೇ. ಹಿಂದೆ ಡಿಕ್ರಿಪ್ಟ್ ಸೋತರೂ ಆ ಗುರುತು ಹಾಗೇ ಉಳಿಯುತ್ತಿತ್ತು. ಮುಂದೆ ಬಂದವರು ಗೂಢಲಿಪಿಯನ್ನೇ ಮೂಲವೆಂದು ನಂಬಿ ಒಯ್ಯುವ ಅಪಾಯವಿತ್ತು. 5.3ರಲ್ಲಿ ಒಂದು ಪ್ಯಾಚು, ಡಿಕ್ರಿಪ್ಟ್ ಸೋತರೆ ಗುರುತು ಅಳಿಸು ಎಂದಿತು. ಬಹಳ ಒಳ್ಳೆಯದು.

ಆದರೆ 5.5ರಲ್ಲಿ ಬರೆಯುವ ದಾರಿಯ ಆ ಫಂಕ್ಷನ್ನನ್ನು ಮೇಲಿನಿಂದ ಕೆಳಕ್ಕೆ ಓದಿದಾಗ ನನಗೆ ಇನ್ನೊಂದು ಕಿಂಡಿ ಕಾಣುತ್ತದೆ. ಎರಡು ಬ್ಲಾಕು ತರಿಸಿದಾಗ ಒಂದು ಬಂದು ಇನ್ನೊಂದು ಡಿಸ್ಕಿನ ದೋಷದಿಂದ ಬರದೇ ಹೋಯಿತೆನ್ನಿ. ಕೋಡು ‘ಓದು ಸೋತಿತು’ ಎಂದು ತೀರ್ಮಾನಿಸಿ ಒಂದು ಕವಲಿಗೆ ಹೋಗುತ್ತದೆ; ಡಿಕ್ರಿಪ್ಟ್ ಮಾಡುವುದು ಇನ್ನೊಂದು ಕವಲಿನಲ್ಲಿದೆ. ಬಂದ ಬ್ಲಾಕನ್ನು ಡಿಕ್ರಿಪ್ಟ್ ಮಾಡುವವರಿಲ್ಲ, ಅದರ ಗುರುತು ಅಳಿಸುವವರೂ ಇಲ್ಲ. ಬರೆಯಲು ಬಂದ ಪ್ರೋಗ್ರಾಮಿಗೆ ದೋಷದ ಸಂದೇಶ ಸಿಗುತ್ತದೆ, ಅದು ಹೊರಟುಹೋಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಪ್ರೋಗ್ರಾಂ ಅದೇ ಪೇಜನ್ನು ಓದಲು ಬರುತ್ತದೆ. ಈ ಸಲ ಡಿಸ್ಕು ಮನಸ್ಸು ಮಾಡಿ, ಬಾರದಿದ್ದ ಬ್ಲಾಕನ್ನು ಕೊಡುತ್ತದೆ. ಅದಷ್ಟೇ ಡಿಕ್ರಿಪ್ಟ್ ಆಗುತ್ತದೆ. ಮೊದಲೇ ‘ಸಿದ್ಧ’ವಾಗಿರುವುದನ್ನು ಯಾರೂ ಮುಟ್ಟುವುದಿಲ್ಲ. ಪೇಜು ಪೂರ್ತಿ ಸಿದ್ಧವೆಂದು ಸಾರಿ, ಒಂದು ಬ್ಲಾಕು ಮೂಲಪಠ್ಯ, ಒಂದು ಬ್ಲಾಕು ಗೂಢಲಿಪಿ ಹೊತ್ತು, ದೋಷವಿಲ್ಲ ಎಂಬ ಸೊನ್ನೆಯೊಡನೆ ಪ್ರೋಗ್ರಾಮಿನ ಕೈ ಸೇರುತ್ತದೆ.