ಬರಿಗಾಲು ಮತ್ತು ಇಟ್ಟಿಗೆ

ಬೀದರ್ ನಗರದಲ್ಲಾಗಲಿ ಭಾಲ್ಕಿ, ಔರಾದ್‌ಗಳಲ್ಲಾಗಲಿ ಶಾಲೆಯ ವಾರ್ಷಿಕ ಕ್ರೀಡಾಕೂಟಕ್ಕೆ ನೀವು ಹೋಗಿದ್ದರೆ, ಮುಖ್ಯ ಅತಿಥಿಗಳ ಭಾಷಣದಲ್ಲಿ ಒಂದು ಬಗೆಯ ಕಥೆಯನ್ನು ಕೇಳಿಯೇ ಇರುತ್ತೀರಿ. ಕಥಾನಾಯಕ ಬಡವ. ಅವನಿಗೆ ಬೂಟಿಲ್ಲ, ಮೈದಾನವಿಲ್ಲ, ಹೊಟ್ಟೆತುಂಬ ಊಟವಿಲ್ಲ. ಆ ಇಲ್ಲದಿರುವಿಕೆಯೇ ಅವನನ್ನು ಗಟ್ಟಿಗೊಳಿಸುತ್ತದೆ, ಕಡೆಗೆ ಅವನು ಲೋಕವಿಖ್ಯಾತನಾಗುತ್ತಾನೆ. ಬಿಸಿಲಿನಲ್ಲಿ ಸಾಲಾಗಿ ನಿಂತ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಕೇಳಲು ಇಂಪಾದ ಈ ಕಥೆಯ ಬಗ್ಗೆ ನನಗೊಂದು ತಕರಾರಿದೆ. ಅದನ್ನು ಇಬ್ಬರು ಆಟಗಾರರ ವೃತ್ತಿಜೀವನವನ್ನು ಮುಂದಿಟ್ಟುಕೊಂಡು ಹೇಳಬಯಸುತ್ತೇನೆ. ಒಬ್ಬರು ನಮ್ಮ ಬೆಂಗಳೂರಿನವರು, ಇನ್ನೊಬ್ಬರು ದೂರದ ಅಮೆರಿಕದವರು.

ಬೆಂಗಳೂರಿನವರ ಹೆಸರು ಅಹ್ಮದ್ ಖಾನ್. 1926ರಲ್ಲಿ ಹುಟ್ಟಿ 2017ರ ಆಗಸ್ಟ್‌ನಲ್ಲಿ ತೀರಿಕೊಂಡ ಈ ಫುಟ್‌ಬಾಲ್ ಆಟಗಾರರ ಹೆಸರನ್ನು ನಮ್ಮ ಮಕ್ಕಳು ಕೇಳಿರಲಾರರು. ಆದರೆ ಅವರ ಪಾದಗಳ ಕಥೆಯನ್ನು ಕೇಳಿರುತ್ತಾರೆ. 1948ರ ಜುಲೈ 31ರಂದು ಲಂಡನ್ ಸಮೀಪದ ಇಲ್ಫರ್ಡ್‌ನಲ್ಲಿ ಭಾರತ ತಂಡ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿತು. ಹನ್ನೊಂದು ಮಂದಿಯಲ್ಲಿ ಎಂಟು ಮಂದಿ ಬರಿಗಾಲಿನಲ್ಲಿದ್ದರು. ಭಾರತ 1-2 ಗೋಲುಗಳಿಂದ ಸೋತಿತು, ಅದೂ ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿ. ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್. ತಂಡದ ನಾಯಕ ನಾಗಾ ಬೆಟ್ಟಗಳಿಂದ ಬಂದ ತಾಲಿಮೆರೆನ್ ಆವೊ, ಸಭಾಪಾಲಕರೊಬ್ಬರ ಮಗ, ಮುಂದೆ ವೈದ್ಯರಾದವರು.

ಬರಿಗಾಲು ಎಂದೊಡನೆ ನಮ್ಮ ಮನಸ್ಸು ಬಡತನವೆಂದು ಓದಿಕೊಳ್ಳುತ್ತದೆ. ಆ ಕಾಲದ ಆಟವನ್ನು ತುಸು ಹತ್ತಿರದಿಂದ ನೋಡಿ. ಬರಿಗಾಲಿನ ಆಟ ಆಗ ಒಂದು ಪದ್ಧತಿಯಾಗಿತ್ತು, ಅದಕ್ಕೆ ತನ್ನದೇ ಆದ ವಿದ್ಯೆಯಿತ್ತು. ಕಣಕಾಲಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಆಡುವವನಿಗೆ ಚರ್ಮದ ಚೆಂಡು ಪಾದದ ಯಾವ ಭಾಗಕ್ಕೆ ತಗುಲಿತು ಎಂಬುದು ಬೆರಳ ತುದಿಗೇ ತಿಳಿಯುತ್ತಿತ್ತು. ಒಣಗಿದ ಗಟ್ಟಿ ನೆಲದಲ್ಲಿ ಅದು ಅನುಕೂಲ. ಮಳೆ ಬಿದ್ದು ನೆಲ ಜಾರತೊಡಗಿದರೆ, ಚೆಂಡು ನೀರು ಕುಡಿದು ಭಾರವಾದರೆ, ಅದೇ ಅನಾನುಕೂಲ. ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೀದರಿನ ಕೆಂಪು ಮೊರಂ ನೆಲದಲ್ಲಿ ಓಡುವುದು ಬೇರೆ, ಔರಾದ್ ಕಡೆಯ ಕಪ್ಪು ಮಣ್ಣಿನಲ್ಲಿ ಆಷಾಢದ ಮಳೆಯ ನಂತರ ಓಡುವುದು ಬೇರೆ. ಕಾಲಿಗಂಟಿದ ಎರೆಮಣ್ಣಿನ ಭಾರ ನಮಗೆ ಗೊತ್ತು.

ಅಹ್ಮದ್ ಖಾನ್ ಎಡಬದಿಯ ಮುನ್ನಡೆ ಆಟಗಾರರು. ತಮ್ಮತ್ತ ಬಂದ ಚೆಂಡನ್ನು ಹಿಡಿದಿಟ್ಟು, ಎದುರಾಳಿಗಳ ನಡುವೆ ನುಸುಳಿ, ಸರಿಯಾದ ಗಳಿಗೆಯಲ್ಲಿ ಜೊತೆಗಾರನಿಗೆ ದಾಟಿಸುವುದು ಅವರ ಕೆಲಸ. ಚೆಂಡು ಅವರ ಮಾತು ಕೇಳುತ್ತಿದ್ದ ರೀತಿಗೆ ಕೋಲ್ಕತ್ತಾದ ಅಭಿಮಾನಿಗಳು ಅವರನ್ನು ಹಾವಾಡಿಗನೆಂದು ಕರೆದರು. 1949ರಲ್ಲಿ ಅವರು ಅಲ್ಲಿನ ಈಸ್ಟ್ ಬೆಂಗಾಲ್ ಸಂಘ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹ್ಮದ್, ದಕ್ಷಿಣ ಭಾರತದ ಈ ಐವರನ್ನು ಬಂಗಾಳಿಗಳು ಪಂಚಪಾಂಡವರೆಂದರು. 1949, 1950, 1951, ಸತತ ಮೂರು ವರ್ಷ ಐ.ಎಫ್.ಎ. ಶೀಲ್ಡ್ ಆ ಸಂಘದ ಪಾಲಾಯಿತು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅಹ್ಮದ್ ಇದ್ದರು.

ಮುಂದಿನ ವರ್ಷ ಹೆಲ್ಸಿಂಕಿ. ಚಳಿಯ ನಾಡು. ಯುಗೊಸ್ಲಾವಿಯ ಭಾರತವನ್ನು 10-1ರಿಂದ ಸದೆಬಡಿಯಿತು. ಆ ಒಂದು ಗೋಲು ಅಹ್ಮದ್ ಖಾನರದು, ಪಂದ್ಯ ಮುಗಿಯಲು ಒಂದು ನಿಮಿಷವಿದ್ದಾಗ. ಈ ಸೋಲಿನ ಬಳಿಕ ನಮ್ಮ ಫುಟ್‌ಬಾಲ್ ಮಂಡಳಿ ಬೂಟುಗಳನ್ನು ಕಡ್ಡಾಯಗೊಳಿಸಿತು.

ಇಲ್ಲೇ ಭಾಷಣದ ಕಥೆ ಮುಗ್ಗರಿಸುವುದು. ಬರಿಗಾಲೇ ಅವರ ಶಕ್ತಿಯ ಗುಟ್ಟಾಗಿದ್ದರೆ ಬೂಟು ತೊಡಿಸಿದ ದಿನ ಆ ಶಕ್ತಿ ಮುಗಿಯಬೇಕಿತ್ತು. ಹಾಗಾಗಲಿಲ್ಲ. ಈಸ್ಟ್ ಬೆಂಗಾಲ್‌ನಲ್ಲಿ ಅವರ ಆಟ 1959ರವರೆಗೂ ನಡೆಯಿತು. ವಿದ್ಯೆ ಪಾದದ ಚರ್ಮದಲ್ಲಿರಲಿಲ್ಲ. ಅದು ಬಂದದ್ದು ಎಲ್ಲಿಂದ? ಕಂಟೋನ್ಮೆಂಟಿನ ಸೈನಿಕ ತಂಡಗಳು, ಬಡಾವಣೆಗೊಂದು ಸಂಘ, ಸಂಜೆಯಾದರೆ ತುಂಬುತ್ತಿದ್ದ ಮೈದಾನಗಳು ಇವೆಲ್ಲ ಇದ್ದ ಬೆಂಗಳೂರಿನಿಂದ. 1946-47ರಲ್ಲೇ ಸಂತೋಷ್ ಟ್ರೋಫಿ ಗೆದ್ದ ಮೈಸೂರು ರಾಜ್ಯ ತಂಡದ ಆಟದಿಂದ. ಅಹ್ಮದ್ ಖಾನರಿಗೆ ಏನಿರಲಿಲ್ಲ ಎಂದು ಹೇಳುವವರು ಏನಿತ್ತು ಎಂಬುದನ್ನು ಬಿಟ್ಟುಬಿಡುತ್ತಾರೆ.

ಇದೇ ಬರಿಗಾಲಿನಿಂದ ಹುಟ್ಟಿದ ಇನ್ನೊಂದು ದಂತಕಥೆಯನ್ನೂ ಇಲ್ಲಿ ಪ್ರಸ್ತಾಪಿಸಿಬಿಡುತ್ತೇನೆ. ಬೂಟಿಲ್ಲದ ಕಾರಣಕ್ಕೆ 1950ರ ಬ್ರೆಜಿಲ್ ವಿಶ್ವಕಪ್‌ನಿಂದ ಭಾರತವನ್ನು ಹೊರಗಿಟ್ಟರಂತೆ. ಬೇರೆ ದೇಶಗಳು ಹಿಂದೆ ಸರಿದುದರಿಂದ ಭಾರತಕ್ಕೆ ಅವಕಾಶ ಸಿಕ್ಕಿತ್ತು, ಹೋಗದಿರಲು ತೀರ್ಮಾನಿಸಿದ್ದು ನಮ್ಮ ಮಂಡಳಿಯೇ. ತಂಡದ ಆಯ್ಕೆಯಲ್ಲಿನ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯ ಸಾಲದು ಎಂಬುದು ಅದು ಕೊಟ್ಟ ಕಾರಣ. ಆಡಳಿತದ ಹಿಂಜರಿಕೆಗಿಂತ ಬರಿಯ ಪಾದಗಳು ಹೆಚ್ಚು ಮನಮುಟ್ಟುತ್ತವೆ, ನಿಜ. ಹಿಂಜರಿದವರಿಗೆ ಅದರಿಂದ ಆದ ಅನುಕೂಲ ಸಣ್ಣದಲ್ಲ.

ಅಮಿತ್ ಶರ್ಮಾ ನಿರ್ದೇಶಿಸಿ ಅಜಯ್ ದೇವಗನ್ ನಟಿಸಿದ, 2024ರಲ್ಲಿ ತೆರೆಕಂಡ 'ಮೈದಾನ್' ಎಂಬ ಹಿಂದಿ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದು ಆರಂಭವಾಗುವುದು ಹೆಲ್ಸಿಂಕಿಯ ಸೋಲಿನಿಂದಲೇ. ಅದರ ನಾಯಕ ಹೈದರಾಬಾದಿನ ತರಬೇತುದಾರ ಸೈಯದ್ ಅಬ್ದುಲ್ ರಹೀಮ್, ವೃತ್ತಿಯಿಂದ ಶಾಲಾ ಶಿಕ್ಷಕರು. ನಮ್ಮ ಬೀದರ್ ಜಿಲ್ಲೆ 1956ರವರೆಗೆ ಅದೇ ಹೈದರಾಬಾದ್ ರಾಜ್ಯದಲ್ಲಿತ್ತು. ಹಾಗಾಗಿ ಅವರನ್ನು ನಮ್ಮ ಹಿರಿಯರ ಕಾಲದ, ನಮ್ಮದೇ ಸೀಮೆಯ ಮೇಷ್ಟ್ರು ಎಂದರೂ ತಪ್ಪಾಗದು. ಮರೆತುಹೋಗಿದ್ದ ಅವರನ್ನು ಮನೆಮಾತಾಗಿಸಿದ್ದು ಚಿತ್ರದ ದೊಡ್ಡ ಉಪಕಾರ. 1962ರ ಜಕಾರ್ತಾ ಫೈನಲ್‌ನ ಚಿತ್ರೀಕರಣ ಮೈನವಿರೇಳಿಸುತ್ತದೆ. ಆದರೆ ಚಿತ್ರದ ಮನಸ್ಸು ರಹೀಮರ ಕಾಯಿಲೆಯತ್ತಲೂ ಅಧಿಕಾರಿಗಳ ಒಳಜಗಳದತ್ತಲೂ ಹೆಚ್ಚು ವಾಲುತ್ತದೆ. ಅವರು ದುರ್ಬಲ ಕಾಲಿನಿಂದಷ್ಟೇ ಒದೆಯಬೇಕೆಂಬ ನಿಯಮವಿಟ್ಟು ಪಂದ್ಯಾವಳಿಗಳನ್ನು ಏರ್ಪಡಿಸುತ್ತಿದ್ದರು! ಆಟಗಾರನ ಎಡಗಾಲೂ ಬಲಗಾಲಿನಷ್ಟೇ ಕಲಿಯಲೆಂದು ಒಬ್ಬ ಶಿಕ್ಷಕ ಕಂಡುಕೊಂಡ ಪಾಠಕ್ರಮವಿದು. ಕೆಮ್ಮುವ ರಹೀಮರಷ್ಟೇ ಕಲಿಸುವ ರಹೀಮರಿಗೂ ಚಿತ್ರ ಜಾಗ ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಇನ್ನು ಇಟ್ಟಿಗೆಯ ಕಥೆ. ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಚೆಂಡು ಮೊಟ್ಟೆಯಾಕಾರದ್ದು, ಅದನ್ನು ಹೆಚ್ಚಾಗಿ ಕೈಯಿಂದ ಎಸೆಯುತ್ತಾರೆ. ಎಸೆತಗಾರನ ಚೆಂಡನ್ನು ದೂರ ಓಡಿ ಹಿಡಿಯುವವನಿಗೆ ವೈಡ್ ರಿಸೀವರ್ ಎಂದು ಹೆಸರು. ಈ ಸ್ಥಾನದಲ್ಲಿ ಜೆರ್ರಿ ರೈಸ್ ಅವರನ್ನು ಮೀರಿಸಿದವರಿಲ್ಲ. ಮಿಸಿಸಿಪ್ಪಿಯ ಕ್ರಾಫರ್ಡ್ ಎಂಬ ಸಣ್ಣ ಊರಿನವರು, ಗಾರೆ ಕೆಲಸದ ತಂದೆಯ ಮಗ. ಬೇಸಿಗೆಯಲ್ಲಿ ತಂದೆಯೊಂದಿಗೆ ದುಡಿಯುವಾಗ ಅಟ್ಟಣಿಗೆಯ ಮೇಲೆ ನಿಂತು, ಕೆಳಗಿನಿಂದ ಅಣ್ಣತಮ್ಮಂದಿರು ಎಸೆದ ಇಟ್ಟಿಗೆಗಳನ್ನು ಹಿಡಿಯುತ್ತಿದ್ದರು. ಆ ಇಟ್ಟಿಗೆಗಳೇ ಅವರ ಕೈಗಳನ್ನು ರೂಪಿಸಿದವು ಎಂಬುದು ಅಲ್ಲಿನ ಭಾಷಣಕಾರರ ಪ್ರಿಯ ಕಥೆ. ಅಲ್ಲೂ ಮುಖ್ಯ ಅತಿಥಿಗಳಿದ್ದಾರೆ ನೋಡಿ.

ಘಟನೆ ನಿಜ. ಆದರೆ 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡ ಸೇರಿದ ಮೊದಲ ವರ್ಷ ಇದೇ ರೈಸ್ ಚೆಂಡುಗಳನ್ನು ಮೇಲಿಂದ ಮೇಲೆ ಕೈಚೆಲ್ಲಿದರು. ಸ್ವಂತ ಊರಿನ ಪ್ರೇಕ್ಷಕರೇ ಅವರನ್ನು ಹೀಯಾಳಿಸಿದರು. ಇಟ್ಟಿಗೆ ಹಿಡಿದ ಕೈಗಳು ಅಂದು ಎಲ್ಲಿ ಹೋಗಿದ್ದವು? ವೈಡ್ ರಿಸೀವರ್‌ನ ಕೆಲಸದಲ್ಲಿ ಕೈಯದು ಕೊನೆಯ ಪಾತ್ರ. ಇಷ್ಟು ಹೆಜ್ಜೆ ನೇರ, ಇಂಥಲ್ಲಿ ತಿರುವು ಎಂದು ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ಅವನು ಓಡಬೇಕು. ಎಷ್ಟೋ ಸಲ ಅವನು ತಿರುಗುವ ಮೊದಲೇ ಚೆಂಡು ಎಸೆತಗಾರನ ಕೈ ಬಿಟ್ಟಿರುತ್ತದೆ. ಒಂದು ಹೆಜ್ಜೆ ಹೆಚ್ಚುಕಡಿಮೆಯಾದರೆ ಚೆಂಡು ಒಂದೆಡೆ, ಇವನು ಇನ್ನೊಂದೆಡೆ. ರೈಸ್ ತಮ್ಮ ಕಾಲದ ಅತಿ ವೇಗದ ಓಟಗಾರರೇನೂ ಅಲ್ಲ. ಅವರು ದಾರಿಯನ್ನು ಕರಾರುವಾಕ್ಕಾಗಿ ಓಡಲು ಕಲಿತರು. ಅಭ್ಯಾಸದಲ್ಲಿ ಹಿಡಿದ ಪ್ರತಿ ಚೆಂಡಿನೊಂದಿಗೂ ಗುರಿಗೆರೆಯವರೆಗೆ ಓಡುತ್ತಿದ್ದರು. ಜೊತೆಯವರು ಅಲ್ಲಿಗೇ ನಿಲ್ಲಿಸಿ ಹಿಂದಿರುಗಿದರೂ ಇವರು ಓಡುತ್ತಿದ್ದರು. ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ಎರಡೂವರೆ ಮೈಲಿಯ ಗುಡ್ಡದ ದಾರಿಯನ್ನು ಓಡಿ ಹತ್ತುತ್ತಿದ್ದರು. ಹೀಗೆ ಇಪ್ಪತ್ತು ಋತುಗಳು. ಹಿಡಿದ ಚೆಂಡುಗಳು 1,549, ಕ್ರಮಿಸಿದ ದೂರ 22,895 ಗಜ. ಎರಡನೆಯ ಸ್ಥಾನದಲ್ಲಿರುವ ಲ್ಯಾರಿ ಫಿಟ್ಜ್‌ಜೆರಾಲ್ಡ್ ಅವರದು 17,492 ಗಜ.

ಅವರ ಬಾಲ್ಯದ ಇನ್ನೊಂದು ಘಟನೆ ನನಗೆ ಇಟ್ಟಿಗೆಗಿಂತ ಮುಖ್ಯವಾಗಿ ಕಾಣುತ್ತದೆ. ತರಗತಿ ತಪ್ಪಿಸಿ ಹೊರಗೆ ನಿಂತಿದ್ದ ಹುಡುಗ, ಉಪಪ್ರಾಂಶುಪಾಲರು ಹಿಂದಿನಿಂದ ಬಂದು ಕೂಗಿದ್ದೇ ತಡ, ಬೆಚ್ಚಿ ಓಟ ಕಿತ್ತ. ಅವರು ಆ ಓಟವನ್ನು ನೋಡಿದರು. ಶಿಕ್ಷೆಯನ್ನೂ ಕೊಟ್ಟರು, ಫುಟ್‌ಬಾಲ್ ತರಬೇತುದಾರರಿಗೆ ವಿಷಯವನ್ನೂ ತಿಳಿಸಿದರು. ಶಾಲೆಯಲ್ಲೊಂದು ತಂಡವಿತ್ತು, ತರಬೇತುದಾರರಿದ್ದರು, ಹೇಳಿದ ಮಾತನ್ನು ಕೇಳಿಸಿಕೊಳ್ಳುವ ಕಿವಿಯಿತ್ತು. ಬಡ ಊರಿನಲ್ಲೂ ಅಷ್ಟಿತ್ತು.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ನಮ್ಮ ಜಿಲ್ಲೆಗೆ 'ಹಿಂದುಳಿದ' ಎಂಬ ವಿಶೇಷಣ ಎಷ್ಟು ಅಂಟಿಕೊಂಡಿದೆಯೆಂದರೆ ಹೊಗಳುವಾಗಲೂ ಅದನ್ನು ಬಿಡುವುದಿಲ್ಲ. ನಮ್ಮ ಹುಡುಗಿಯೊಬ್ಬಳು ರಾಜ್ಯಮಟ್ಟದಲ್ಲಿ ಓಡಿದರೆ ಅವಳ ಮನೆಯ ತಗಡಿನ ಸೂರು ಸುದ್ದಿಯಾಗುತ್ತದೆ. ಅವಳು ವಾರಕ್ಕೆ ಎಷ್ಟು ದಿನ, ಯಾರ ಕಣ್ಣೆದುರು, ಎಂಥ ನೆಲದಲ್ಲಿ ಅಭ್ಯಾಸ ಮಾಡಿದಳೆಂದು ಯಾರೂ ಬರೆಯುವುದಿಲ್ಲ. ಕೊರತೆಯೇ ಸಾಧಕರನ್ನು ಹೆರುತ್ತದೆಂದು ಒಪ್ಪಿದ ಮೇಲೆ ಮೈದಾನ ಸಮತಟ್ಟು ಮಾಡಿಸುವ, ದೈಹಿಕ ಶಿಕ್ಷಕರ ಖಾಲಿ ಹುದ್ದೆ ತುಂಬಿಸುವ ಗೊಡವೆ ಯಾರಿಗೆ ಬೇಕು? ಗೆಲ್ಲದ ಮಗುವಿಗೆ ನಿನ್ನಲ್ಲಿ ಛಲ ಸಾಲದು ಎಂದು ಹೇಳಿ ಕೈತೊಳೆದುಕೊಳ್ಳುವುದೂ ಸುಲಭ. ಅಪ್ಪ ಅಮ್ಮಂದಿರಾದ ನೀವು ಮುಂದಿನ ಕ್ರೀಡಾಕೂಟದಲ್ಲಿ ಬಹುಮಾನ ಪಡೆದ ಮಗುವನ್ನು ಅಭಿನಂದಿಸುವಾಗ ಅದರ ಕಷ್ಟವನ್ನು ಕೇಳುವ ಮೊದಲು ಅಭ್ಯಾಸವನ್ನು ಕೇಳಿ. ಎದ್ದದ್ದು ಎಷ್ಟು ಗಂಟೆಗೆ, ತಪ್ಪು ತಿದ್ದಿದವರು ಯಾರು, ಯಾವ ಕಾಲು ಇನ್ನೂ ಮಾತು ಕೇಳುತ್ತಿಲ್ಲ? ಮಗು ಉತ್ತರಿಸಲು ತುಸು ಹೊತ್ತು ತೆಗೆದುಕೊಳ್ಳಬಹುದು. ಈ ಪ್ರಶ್ನೆಯನ್ನು ಅದು ಬಹುಶಃ ಮೊದಲ ಸಲ ಕೇಳುತ್ತಿರುತ್ತದೆ.