ಗಿಡ್ಡಗಳ ಚಾಕರಿ
ನಿವೃತ್ತಿಯಾದ ಮೇಲೆ ಹೊತ್ತು ಹೇಗೆ ಹೋಗುತ್ತದೆ ಎಂದು ಸಾಗರದ ಕಡೆಯ ನಮ್ಮ ಮಾವನನ್ನು ಕೇಳಿದರೆ ಉತ್ತರ ಹೇಳಲು ಅವರಿಗೆ ಪುರುಸೊತ್ತಿಲ್ಲ. ಕಾರಣ, ಕೊಟ್ಟಿಗೆಯ ಮಲೆನಾಡು ಗಿಡ್ಡಗಳು. ಆಳಿನ ಸೊಂಟದೆತ್ತರದ ಈ ದನ ಹೊತ್ತಿಗೆ ಒಂದು ಲೀಟರ್ ಹಾಲು ಕೊಟ್ಟರೆ ಹಬ್ಬ. ಡೇರಿಯ ಲೆಕ್ಕದಲ್ಲಿ ದಂಡ. ಆ ಲೆಕ್ಕವೇ ಸರಿಯಿಲ್ಲ ಎಂಬುದು ನನ್ನ ವಾದ. ಜಡಿಮಳೆಯಲ್ಲೂ ಗುಡ್ಡ ಹತ್ತಿ, ಸಿಕ್ಕಿದ್ದು ಮೇದು, ಹಿಂಡಿ ಚೀಲಕ್ಕೆ ಕಾಯದೆ ಬದುಕುವ ಗಟ್ಟಿ ಗೊರಸಿನ ಜೀವ ಇದು. ಜರ್ಸಿಗೆ ಆ ಏರು ಆಗಿಬರುವುದಿಲ್ಲ.

ಬೆಳಿಗ್ಗೆ ಅತ್ತೆ ಅಕ್ಕಚ್ಚು ಇಟ್ಟು ಹಾಲು ಕರೆಯಲು ಕೂತರೆ ಮಾವ ಸಗಣಿ ಬಾಚುತ್ತಾರೆ. ದನ ಬಿಟ್ಟ ಮೇಲೆ ಶುರುವಾಗುವುದೇ ದೊಡ್ಡ ಕೆಲಸ. ಸೊಪ್ಪಿನಬೆಟ್ಟದಿಂದ ಸೊಪ್ಪು ತಂದು ಕೊಟ್ಟಿಗೆಗೆ ಹಾಸಬೇಕು, ಬೇಸಿಗೆಯಾದರೆ ದರಕು. ದನ ತುಳಿದು, ಗಂಜಲ ಹೀರಿ, ಗುಂಡಿಯಲ್ಲಿ ಕಳಿತ ಆ ಸೊಪ್ಪು ಕೊನೆಗೆ ಅಡಿಕೆ ಮರದ ಬುಡ ಸೇರುತ್ತದೆ. ತೋಟದವರಿಗೆ ಹಾಲಿಗಿಂತ ಇದೇ ದೊಡ್ಡ ಫಸಲು. (ಮೈಗೆ ಹತ್ತುವ ಉಣುಗು ಹೆಕ್ಕುವ ಕೆಲಸವನ್ನು ಯಾರೂ ಹೊಗಳುವುದಿಲ್ಲ, ನಾನೂ ಹೊಗಳುವುದಿಲ್ಲ.)

ಸಂಜೆ ಎಲ್ಲವೂ ತಾವಾಗಿ ಮನೆಗೆ ಬರುತ್ತವೆ. ಬೆಳ್ಳಿ ಎಂಬ ತುಡುಗಿ ಮಾತ್ರ ಪಕ್ಕದವರ ಗದ್ದೆಗೆ ನುಗ್ಗಿರುತ್ತಾಳೆ. ಫೋನು ಬರುತ್ತದೆ, ಪಿಂಚಣಿದಾರರು ಕೋಲು ಹಿಡಿದು ಓಡುತ್ತಾರೆ.