ರಸೀದಿಗೂ ರಿಸೀಟಿಗೂ ನೆಂಟಸ್ತನವಿಲ್ಲ

ಬಸವಕಲ್ಯಾಣದಿಂದ ಬೇರೆಯಾಗಿ ಹುಲಸೂರ ತಾಲ್ಲೂಕಾದ ಮೇಲೆ ಪಹಣಿಗೂ ಆದಾಯ ಪ್ರಮಾಣಪತ್ರಕ್ಕೂ ಇಲ್ಲಿಯ ತಹಸೀಲ ಕಚೇರಿಯಲ್ಲೇ ಸಾಲು ನಿಲ್ಲುತ್ತದೆ. ಹೊರಗಿನವರು ‘ರಸೀದಿ ಕೊಡ್ರಿ’ ಅಂತಾರೆ, ಒಳಗಿನವರು ‘ರಿಸೀಟ್ ತಗೋರಿ’ ಅಂತಾರೆ. ಕೇಳಿದವರಿಗೆ ಎರಡೂ ಒಂದೇ ಶಬ್ದ, ರಿಸೀಟು ಹಳ್ಳಿಯ ಬಾಯಲ್ಲಿ ಕೆಟ್ಟು ರಸೀದಿಯಾಗಿದೆ ಅನಿಸುವುದು ಸಹಜ. ಓದಿದವರೇ ಹಾಗೆಂದು ಇನ್ನೊಬ್ಬರನ್ನು ತಿದ್ದುವುದುಂಟು. ಆದರೆ ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ರಸೀದಿ ಫಾರ್ಸಿಯದು. ಅಲ್ಲಿ ‘ರಸೀದನ್’ ಎಂದರೆ ತಲುಪುವುದು, ‘ರಸೀದ್’ ಎಂದರೆ ತಲುಪಿತು. ಹಣ ಮುಟ್ಟಿತು ಎಂಬ ಮಾತೇ ಆ ಕಾಗದದ ಹೆಸರಾಯಿತು. ರಿಸೀಟಿನ ಮೂಲ ಲ್ಯಾಟಿನ್ನಿನ ‘ರೆಸೆಪ್ಟಾ’, ಪಡೆದದ್ದು ಎಂದು ಅರ್ಥ. ಅದು ಫ್ರೆಂಚರ ಬಾಯಿಗೆ ಬಿದ್ದಾಗ ನಡುವಿನ ಪಕಾರ ಉದುರಿಹೋಯಿತು. ಲ್ಯಾಟಿನ್ ಬಲ್ಲ ಪಂಡಿತರು ಮುಂದೆ ಇಂಗ್ಲಿಷಿನ ಕಾಗುಣಿತದಲ್ಲಿ ಅದನ್ನು ಮತ್ತೆ ತಂದು ಕೂರಿಸಿದರು, ಬಾಯಿ ಮಾತ್ರ ಒಪ್ಪಲಿಲ್ಲ. ಆ ಮೂಕ ‘ಪಿ’ಯನ್ನು ಮರೆತು ನಮ್ಮ ಮಕ್ಕಳು ಇಂದಿಗೂ ಅಂಕ ಕಳೆದುಕೊಳ್ಳುತ್ತಾರೆ.

ಶಬ್ದದ ಬೇರು ಹುಡುಕುವ ಹುಚ್ಚು ಹತ್ತಿದವರು ಮೊದಲು ಕಲಿಯಬೇಕಾದದ್ದು ಇದನ್ನೇ. ಸದ್ದು ಒಂದೇ ಇದ್ದರೆ ಅನುಮಾನಪಡಬೇಕು. ಶಬ್ದ ಯಾವ ದಾರಿಯಲ್ಲಿ ಬಂತು, ಯಾರ ಕೈಯಿಂದ ಯಾರ ಕೈಗೆ ದಾಟಿತು ಎಂದು ಕೇಳಬೇಕು. ‘ಕಸ್ತೂರಿ’ಯ ಸಂಪಾದಕರಾಗಿದ್ದ ಪಾವೆಂ ಆಚಾರ್ಯರ ‘ಪದಾರ್ಥ ಚಿಂತಾಮಣಿ’ಯನ್ನೂ, ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ ಬರೆದ ‘ಇಗೋ ಕನ್ನಡ’ವನ್ನೂ ಓದಿ ಬೆಳೆದವರಿಗೆ ಇದು ಹೊಸದಲ್ಲ. ಆದರೂ ಸದ್ದಿನ ಸೆಳೆತ ಬಲವಾದದ್ದು. ಹಣ ಕಳೆದುಕೊಂಡವರ ಬಾಯಲ್ಲಿ ‘ಚಿಟ್ ಫಂಡ್ ಅಂದ್ರ ಚೀಟ್ ಫಂಡೇ ನೋಡ್ರಿ’ ಎಂಬ ಚಟಾಕಿ ಕೇಳಿರುತ್ತೀರಿ. ಅನುಭವದ ಮಾತೇನೋ ನಿಜ, ವ್ಯುತ್ಪತ್ತಿ ಸುಳ್ಳು. ಚಿಟ್ಟು ನಮ್ಮದೇ ಚೀಟಿ, ಹಿಂದಿಯ ಚಿಟ್ಠೀ. ಚೀಟು ಹುಟ್ಟಿದ್ದು ಭೂಕಂದಾಯದ ಕಡತದಲ್ಲಿ. ವಾರಸುದಾರರಿಲ್ಲದೆ ಸತ್ತವನ ಜಮೀನು ದೊರೆಗೆ ಸೇರುವುದಕ್ಕೆ ಮಧ್ಯಯುಗದ ಇಂಗ್ಲೆಂಡಿನಲ್ಲಿ ‘ಎಸ್ಚೀಟ್’ ಎನ್ನುತ್ತಿದ್ದರು. ಅದನ್ನು ವಶಪಡಿಸಿಕೊಳ್ಳಲು ನೇಮಕವಾದ ಅಧಿಕಾರಿಗಳು ವಾರಸುದಾರರಿದ್ದ ಜಮೀನನ್ನೂ ಬಿಡಲಿಲ್ಲ. ಜನ ಆ ಹುದ್ದೆಯ ಹೆಸರನ್ನೇ ಮೊಟಕು ಮಾಡಿ ಮೋಸಕ್ಕೆ ಇಟ್ಟರು. ತಹಸೀಲ ಕಚೇರಿಯ ಸಾಲಿನಲ್ಲಿ ನಿಂತವರಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ತಿರುವುಮುರುವಾದ ಪ್ರಸಂಗ. ತಿಂಗಳ ಮೊದಲ ವಾರ ನಮ್ಮ ಕಡೆ ಕೇಳುವ ಪ್ರಶ್ನೆ, ‘ಪಗಾರ ಆಗ್ಯದೇನ್ರಿ?’ ಬೆಂಗಳೂರಿನವರು ಸಂಬಳ ಎನ್ನುವಲ್ಲಿ ನಮ್ಮದು ಪಗಾರ. (ಸಂಬಳವೂ ಕಡಿಮೆಯದಲ್ಲ. ಸಂಸ್ಕೃತದ ‘ಶಂಬಲ’ ಎಂದರೆ ದಾರಿಯ ಬುತ್ತಿ. ತಿಂಗಳ ಕೊನೆಗೆ ಮುಗಿದುಹೋಗುವುದರಿಂದ ಹೆಸರು ತಕ್ಕುದೇ.) ಪಗಾರ ಮರಾಠಿಯಿಂದ ಬಂತು ಎಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಮರಾಠಿಗೆ ಎಲ್ಲಿಂದ ಬಂತು? ಪೋರ್ಚುಗೀಸರಿಂದ. ಅವರ ‘ಪಗಾರ್’ ಎಂದರೆ ಹಣ ಕೊಡುವುದು. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಹಿಡಿದ ಮೇಲೆ ಅವರ ಎಷ್ಟೋ ಶಬ್ದಗಳು ಘಟ್ಟ ಹತ್ತಿದವು. ಬೀಗದ ‘ಚಾವಿ’, ಬಟ್ಟೆ ಇಡುವ ‘ಅಲಮಾರಿ’ ಎಲ್ಲ ಅವೇ. ಪೋರ್ಚುಗೀಸರ ಪಗಾರ್ ಲ್ಯಾಟಿನ್ನಿನ ‘ಪಾಕಾರೆ’ಯಿಂದ, ಎಂದರೆ ಶಾಂತಪಡಿಸುವುದು, ಸಾಲ ಕೊಟ್ಟವನ ಬಾಯಿ ಮುಚ್ಚಿಸುವುದು. ಅದೇ ಪಾಕಾರೆ ಫ್ರೆಂಚಿನ ದಾರಿ ಹಿಡಿದು ಸವೆದು ಸವೆದು ಇಂಗ್ಲಿಷಿನಲ್ಲಿ ‘ಪೇ’ ಆಯಿತು. ಹಾಗಾಗಿ ಪಗಾರವೂ ಪೇ ಕಮಿಷನ್ನಿನ ಪೇಯೂ ಒಂದೇ ತಾಯಿಯ ಮಕ್ಕಳು. ಮುಖ ನೋಡಿ ಯಾರು ಹೇಳಿಯಾರು?

ಸ್ಯಾಲರಿಯ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ. ರೋಮಿನ ಸಿಪಾಯಿಗಳಿಗೆ ಉಪ್ಪನ್ನೇ ಕೂಲಿಯಾಗಿ ಕೊಡುತ್ತಿದ್ದರು, ಅದಕ್ಕೇ ಸ್ಯಾಲರಿ ಎಂದು ಉಪನ್ಯಾಸಕರೆಲ್ಲ ಹೇಳುತ್ತಾರೆ. ಶಬ್ದ ಉಪ್ಪಿನಿಂದ ಹುಟ್ಟಿದ್ದು ಹೌದು. ಉಪ್ಪು ಅಳೆದು ಕೊಟ್ಟರೆಂಬುದಕ್ಕೆ ಹಳೆಯ ಆಧಾರವಿಲ್ಲ. ಕತೆ ಚೆನ್ನಾಗಿದ್ದಷ್ಟೂ ದಾಖಲೆ ಕೇಳುವುದು ಒಳ್ಳೆಯದು.

ಇನ್ನು ಈ ಹುಚ್ಚಿನವರೆಲ್ಲ ತಲೆದಿಂಬಿನ ಬಳಿ ಇಟ್ಟುಕೊಳ್ಳುವ ಪುಸ್ತಕದ ಮಾತು. ಭಾರತದಿಂದ ಇಂಗ್ಲಿಷಿಗೆ ಹೋದ ಶಬ್ದಗಳ ದೊಡ್ಡ ಕೋಶವನ್ನು ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಸೇರಿ ಮಾಡಿದರು. ಅದು ಅಚ್ಚಾಗಿ ಬಂದದ್ದು 1886ರಲ್ಲಿ. ಬರ್ನೆಲ್ ಅದಕ್ಕೆ ನಾಲ್ಕು ವರ್ಷ ಮೊದಲೇ ತೀರಿಕೊಂಡಿದ್ದ. ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಕೂಡಿಹಾಕಿದವನೂ ಇದೇ ಬರ್ನೆಲ್. ಪುಸ್ತಕದ ಹೆಸರು ‘ಹಾಬ್ಸನ್-ಜಾಬ್ಸನ್’. ಯಾರೋ ಇಬ್ಬರು ದೊರೆಗಳಿರಬೇಕು ಎಂದುಕೊಂಡರೆ ತಪ್ಪಾಯಿತು. ಬೀದರ ಸೀಮೆಯ ಯಾವ ಹಳ್ಳಿಯವರಿಗಾದರೂ ಈ ಹೆಸರಿನ ಮೂಲ ಗೊತ್ತು, ಗೊತ್ತಿದೆ ಎಂಬುದಷ್ಟೇ ಗೊತ್ತಿಲ್ಲ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹಿಂದೂ ಮುಸ್ಲಿಮರೆನ್ನದೆ ಹೆಜ್ಜೆ ಹಾಕುವಾಗ, ಪಂಜಾ ಎತ್ತಿಕೊಂಡು ಹೊರಟಾಗ ಏಳುವ ಕೂಗು ಯಾವುದು? ‘ಯಾ ಹಸನ್, ಯಾ ಹುಸೇನ್!’ ಕಂಪನಿಯ ಗೋರಾ ಸಿಪಾಯಿಗಳು ಆ ಕೂಗನ್ನು ಕೇಳಿ, ಅರ್ಥವಾಗದೆ, ತಮ್ಮೂರಿನ ಮನೆತನದ ಹೆಸರುಗಳನ್ನೇ ಅದಕ್ಕೆ ಜೋಡಿಸಿದರು. ‘ಹಾಸ್ಸಿ ಗಾಸ್ಸಿ’ ಎಂದೆಲ್ಲ ಹಾದು ಕೊನೆಗೆ ನಿಂತದ್ದು ಹಾಬ್ಸನ್-ಜಾಬ್ಸನ್. ಕಿವಿಗೆ ಬಿದ್ದ ಪರಭಾಷೆಯ ಮಾತನ್ನು ತನಗೆ ಗೊತ್ತಿರುವ ಮಾತಾಗಿ ತಿರುಗಿಸಿಕೊಳ್ಳುವ ಈ ಚಾಳಿಗೆ ಭಾಷಾಶಾಸ್ತ್ರಜ್ಞರು ಈಗ ಆ ಪುಸ್ತಕದ ಹೆಸರನ್ನೇ ಇಟ್ಟಿದ್ದಾರೆ.

ನಗುವ ಮೊದಲು ನಮ್ಮವರ ಕಿವಿಯನ್ನೂ ನೋಡಿ. ರಾತ್ರಿ ಪಹರೆಯ ಇಂಗ್ಲಿಷ್ ಸಿಪಾಯಿ ‘ಹೂ ಕಮ್ಸ್ ದೇರ್’ ಎಂದು ಗದರಿದರೆ ದೇಶಿ ಸಿಪಾಯಿ ಅದನ್ನು ‘ಹುಕುಮ್‌ದಾರ್’ ಎಂದು ಕಲಿತ. ಹುಕುಮೂ ಇದೆ, ದಾರ್ ಕೂಡ ಇದೆ. ಜಮಾದಾರ್, ಹವಾಲ್ದಾರ್ ಸಾಲಿನಲ್ಲಿ ಕೂತುಬಿಟ್ಟಿತು. ನಿಜಾಮರ ರಾಜ್ಯದಲ್ಲಿ 1948ರ ತನಕ ದಿನ ಕಳೆದ ನಮ್ಮ ಹಿರಿಯರಿಗೆ ಇಂಥ ‘ದಾರ್’ಗಳು ಕಿಸೆಯಲ್ಲೂ ಇದ್ದವು. ಹೈದರಾಬಾದಿನ ನಾಣ್ಯ ‘ಹಾಲಿ ಸಿಕ್ಕಾ’, ಇಂಗ್ಲಿಷರದು ‘ಕಲ್ದಾರ್’. ಆರು ಕಲ್ದಾರ್ ರೂಪಾಯಿಗೆ ಏಳು ಹಾಲಿ ರೂಪಾಯಿ. ಕಲ್ದಾರಿನಲ್ಲಿ ಯಾವ ಕಲ್ಲೂ ಇಲ್ಲ. ‘ಕಲ್’ ಎಂದರೆ ಯಂತ್ರ, ಯಂತ್ರದಲ್ಲಿ ಅಚ್ಚೊತ್ತಿದ ನಾಣ್ಯ ಎಂದು ಅರ್ಥ. ಅಚ್ಚಗನ್ನಡ ಎಂದು ನಾವು ಎದೆಗವಚಿಕೊಂಡ ‘ರೈತ’ನೂ ಅರಬ್ಬಿಯವನೇ: ‘ರಅಯ್ಯತ್’, ಎಂದರೆ ಕಾಯುವವನ ಕೈಕೆಳಗಿನ ಹಿಂಡು, ಆಮೇಲೆ ಪ್ರಜೆ. ಇಂಗ್ಲಿಷರೂ ಅವನನ್ನು ತಮ್ಮ ನಿಘಂಟಿಗೆ ಸೇರಿಸಿಕೊಂಡರು. ನನಗೆ ಒಕ್ಕಲಿಗನೇ ಇಷ್ಟ.

ಕೊಟ್ಟದ್ದೂ ಉಂಟು. ಬೀದರಿನ ಬಿದ್ರಿ ಊರಿನ ಹೆಸರನ್ನು ಹೊತ್ತೇ ಇಂಗ್ಲಿಷ್ ನಿಘಂಟು ಸೇರಿದೆ. ಗೋಣಿಚೀಲದ ಗೋಣಿ ಅಲ್ಲಿ ‘ಗನ್ನಿ’. ಹುಮನಾಬಾದ ಕಡೆಯ ಹಳ್ಳಿಖೇಡದ ಕಾರ್ಖಾನೆಗೆ ಕಬ್ಬು ಹೊತ್ತ ಗಾಡಿಗಳನ್ನು ನೋಡಿದವರು ಇದನ್ನು ಕೇಳಬೇಕು. ಸಂಸ್ಕೃತದ ‘ಶರ್ಕರಾ’ ಎಂದರೆ ಮೊದಲು ಹರಳು, ಮರಳು. ಅದು ಫಾರ್ಸಿಯಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್ ಆಗಿ ಯುರೋಪಿಗೆ ಹೋಗಿ ಶುಗರ್ ಆಯಿತು. ಇತ್ತ ಕರಾವಳಿಯಲ್ಲಿ ಮಲಯಾಳದ ಚಕ್ಕರ, ಕನ್ನಡದ ಶರ್ಕರೆಗಳನ್ನು ಕೇಳಿದ ಪೋರ್ಚುಗೀಸರು ‘ಜಾಗರ’ ಎಂದರು, ಇಂಗ್ಲಿಷರು ಅದನ್ನು ‘ಜ್ಯಾಗರಿ’ ಮಾಡಿಕೊಂಡರು. ಬೆಲ್ಲ ಎಂಬ ಚೆಂದದ ಮಾತು ಯಾರ ಕಿವಿಗೂ ಬೀಳಲಿಲ್ಲ.

ಬೆಳಿಗ್ಗೆ ‘ನಾಷ್ಟಾ ಆಯ್ತೇನ್ರಿ’ ಎಂದು ಕೇಳುತ್ತೇವಲ್ಲ, ಫಾರ್ಸಿಯ ‘ನಾಷ್ತಾ’ಕ್ಕೆ ಮೂಲದಲ್ಲಿ ಅರ್ಥ ಖಾಲಿ ಹೊಟ್ಟೆ. ಬ್ರೇಕ್‌ಫಾಸ್ಟ್ ಎಂದರೂ ಉಪವಾಸ ಮುರಿಯುವುದೇ. ಅಂತೂ ಎರಡೂ ಕಡೆ ಊಟದ ಹೆಸರಿನಲ್ಲಿ ಉಪವಾಸ ಕೂತಿದೆ.

ಕೊನೆಗೆ ಕಲ್ಯಾಣಕ್ಕೆ ಹೋಗುವ ಬಸ್ಸು. 1820ರ ದಶಕದಲ್ಲಿ ಫ್ರಾನ್ಸಿನ ನಾಂತ್ ಪಟ್ಟಣದಲ್ಲಿ ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿ ಓಡತೊಡಗಿತು. ಅದಕ್ಕೆ ‘ಆಮ್ನಿಬಸ್’ ಎಂಬ ಲ್ಯಾಟಿನ್ ಹೆಸರು. ಆಮ್ನಿಬಸ್ ಎಂದರೆ ‘ಎಲ್ಲರಿಗೆ’. ಇಂಗ್ಲೆಂಡಿನವರು ಅವಸರದಲ್ಲಿ ತಲೆ ಬಿಟ್ಟು ಬಾಲ ಹಿಡಿದರು. ಉಳಿದ ‘ಬಸ್’ ಬರೀ ಚತುರ್ಥಿ ವಿಭಕ್ತಿ ಪ್ರತ್ಯಯದ ತುಂಡು, ಸ್ವಂತ ಅರ್ಥವೇ ಇಲ್ಲ. ಕನ್ನಡದಲ್ಲಾದರೆ ‘ಎಲ್ಲರಿಗೆ’ಯ ‘ಎಲ್ಲರಿ’ ಬಿಟ್ಟು, ‘ಗೆ ಬಂತು, ಓಡ್ರಿ’ ಎಂದು ಕೂಗಬೇಕಾಗಿತ್ತು. ಅದನ್ನು ಹಿಂದಿನಿಂದ ಹಾರ್ನ್ ಹೊಡೆದು ದಾಟುವ ಲಾರಿಯ ಹುಟ್ಟು ಮಾತ್ರ ಇಂಗ್ಲಿಷ್ ನಿಘಂಟುಕಾರರಿಗೂ ಇನ್ನೂ ಬಗೆಹರಿದಿಲ್ಲ.